ಕಾರ್ನರ್‌ಬ್ಯಾಕ್ ಎಷ್ಟು ಗಟ್ಟಿಗ? ಅಳೆಯುವುದು ಹೀಗೆ

ಅಮೆರಿಕನ್ ಫುಟ್‌ಬಾಲ್‌ನಲ್ಲಿ ಎದುರಾಳಿಯ ವೈಡ್ ರಿಸೀವರ್ (ಪಾಸ್ ಹಿಡಿಯಲು ಓಡುವ ಆಟಗಾರ) ಕೈಗೆ ಪಾಸ್ ಸಿಗದಂತೆ ಕಾಯುವವನು ಕಾರ್ನರ್‌ಬ್ಯಾಕ್. ಆತ ಎಂಥ ಆಟಗಾರ ಎಂದು ಕೇಳಿದರೆ ಹೆಚ್ಚಿನವರು ಇಂಟರ್‌ಸೆಪ್ಷನ್ (ಎದುರಾಳಿಯ ಪಾಸನ್ನು ತಾನೇ ಹಿಡಿದುಬಿಡುವುದು) ಎಷ್ಟು ಎಂದು ನೋಡಿ ಉತ್ತರ ಹೇಳಿಬಿಡುತ್ತಾರೆ. ಆ ಒಂದು ಅಂಕಿಯನ್ನೇ ನಂಬಬೇಡಿ. ನ್ಯೂಯಾರ್ಕ್ ಜೆಟ್ಸ್‌ನ ಡ್ಯಾರೆಲ್ ರೆವಿಸ್ 2010ರ ಸೀಸನ್‌ನಲ್ಲಿ ಒಂದೇ ಒಂದು ಇಂಟರ್‌ಸೆಪ್ಷನ್ ಮಾಡಲಿಲ್ಲ. ಆದರೂ ಆ ವರ್ಷದ ಆಲ್-ಪ್ರೊ (ಲೀಗ್‌ನ ಶ್ರೇಷ್ಠ ಆಟಗಾರರ ಗೌರವ ಪಟ್ಟಿ) ಮೊದಲ ತಂಡದಲ್ಲಿ ಅವರ ಹೆಸರಿತ್ತು. ಡಲ್ಲಾಸ್ ಕೌಬಾಯ್ಸ್‌ನ ಟ್ರೆವಾನ್ ಡಿಗ್ಸ್ 2021ರಲ್ಲಿ 11 ಇಂಟರ್‌ಸೆಪ್ಷನ್ ಮಾಡಿ ಲೀಗ್‌ಗೇ ಮೊದಲಿಗರಾದರು. ಅದೇ ಸೀಸನ್‌ನಲ್ಲಿ ಅವರ ಕಾವಲಿನಲ್ಲಿ ಎದುರಾಳಿಗಳು ಸಾವಿರಕ್ಕೂ ಹೆಚ್ಚು ಯಾರ್ಡ್ ಗಳಿಸಿದ್ದರು ಎಂದು ಅಂಕಿಅಂಶ ಸಂಸ್ಥೆ ಪ್ರೊ ಫುಟ್‌ಬಾಲ್ ಫೋಕಸ್ ಲೆಕ್ಕ ಕೊಟ್ಟಿತ್ತು.

ಚೆಂಡಿನ ಮೇಲಿಂದ ಕಣ್ಣು ತೆಗೆಯಿರಿ

ಇದೇ ಮೊದಲ ಹೆಜ್ಜೆ. ಟಿವಿ ಕ್ಯಾಮೆರಾ ಚೆಂಡಿನ ಹಿಂದೆ ಓಡುತ್ತದೆ. ಆಟ ಶುರುವಾದ ಎರಡೇ ಕ್ಷಣಕ್ಕೆ ಕಾರ್ನರ್‌ಬ್ಯಾಕ್ ಪರದೆಯಿಂದ ಮಾಯ. ಸಾಧ್ಯವಿದ್ದರೆ ಆಲ್-22 ದೃಶ್ಯ ನೋಡಿ. ಮೈದಾನದ 22 ಆಟಗಾರರೂ ಒಟ್ಟಿಗೆ ಕಾಣುವಂತೆ ಎತ್ತರದಿಂದ ತೆಗೆದ ದೃಶ್ಯವದು. ತಂಡಗಳ ಕೋಚ್‌ಗಳು ಕೂತು ನೋಡುವುದೂ ಅದನ್ನೇ. ಅದು ಸಿಗದಿದ್ದರೆ ರಿಪ್ಲೇಗಳೇ ಗತಿ. ಒಬ್ಬನೇ ಆಟಗಾರನನ್ನು ಆರಿಸಿಕೊಂಡು ಇಡೀ ಪಂದ್ಯ ಅವನನ್ನೇ ಗಮನಿಸಿ.

ಆತನಿಗೆ ಒಪ್ಪಿಸಿದ ಕೆಲಸ ಏನು?

ಮ್ಯಾನ್ ಕವರೇಜ್ ಆದರೆ ಒಬ್ಬ ರಿಸೀವರ್ ಎಲ್ಲಿ ಹೋದರೂ ಬೆನ್ನು ಬಿಡಬಾರದು. ಝೋನ್ ಆದರೆ ಮೈದಾನದ ಒಂದು ಭಾಗ ಕಾಯಬೇಕು, ಕಣ್ಣು ಪಾಸ್ ಎಸೆಯುವ ಕ್ವಾರ್ಟರ್‌ಬ್ಯಾಕ್ ಮೇಲಿರಬೇಕು. ಝೋನ್‌ನಲ್ಲಿ ರಿಸೀವರ್ ಒಂಟಿಯಾಗಿ ನಿಂತು ಪಾಸ್ ಹಿಡಿದರೆ ತಪ್ಪು ಹತ್ತಿರ ಕಂಡ ಕಾರ್ನರ್‌ಬ್ಯಾಕ್‌ನದೇ ಆಗಿರಬೇಕಿಲ್ಲ. ಒಳಗಿನ ಸೇಫ್ಟಿ (ಹಿಂದೆ ನಿಂತು ಕಾಯುವ ರಕ್ಷಣಾ ಆಟಗಾರ) ತಡವಾಗಿ ಬಂದಿರಬಹುದು. ಸಿಯಾಟಲ್ ಸೀಹಾಕ್ಸ್‌ನ ರಿಚರ್ಡ್ ಶೆರ್ಮನ್ ಬಹುಪಾಲು ಎಡಬದಿಯಲ್ಲೇ ಆಡುತ್ತಿದ್ದರು. ಎದುರಾಳಿಯ ಅತ್ಯುತ್ತಮ ರಿಸೀವರ್ ಹೋದಲ್ಲೆಲ್ಲ ಹಿಂಬಾಲಿಸುವುದಿಲ್ಲ ಎಂಬ ಟೀಕೆ ಅವರ ಮೇಲಿತ್ತು. ಅದು ತಂಡದ ಯೋಜನೆಯಾಗಿತ್ತು, ಶೆರ್ಮನ್ ಅವರ ದೌರ್ಬಲ್ಯವಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ.

ಪಾದ, ಸೊಂಟ, ಕೈ

ನಿಜವಾದ ಪರೀಕ್ಷೆ ಇಲ್ಲಿದೆ, ನಿಧಾನವಾಗಿ ನೋಡಿ. ರಿಸೀವರ್ ನೇರ ಓಡಿಬರುತ್ತಾನೆ, ಕಾರ್ನರ್‌ಬ್ಯಾಕ್ ಹಿಂದಕ್ಕೆ ಹೆಜ್ಜೆ ಇಡುತ್ತಿದ್ದಾನೆ. ಮೈ ಸ್ವಲ್ಪ ಬಾಗಿರಬೇಕು, ಭಾರ ಮುಂಗಾಲಿನ ಮೇಲಿರಬೇಕು. ರಿಸೀವರ್ ತಲೆ, ಭುಜ ಅಲ್ಲಾಡಿಸಿ ಒಳಗೆ ಹೋಗುವಂತೆ ನಟಿಸಿ ಹೊರಗೆ ತಿರುಗುತ್ತಾನೆ. ತಲೆ ನೋಡಿದವನು ಮೋಸ ಹೋಗುತ್ತಾನೆ. ಸೊಂಟ ನೋಡಿದವನು ಉಳಿಯುತ್ತಾನೆ, ಸೊಂಟ ಸುಳ್ಳು ಹೇಳುವುದು ಕಷ್ಟ. ಆ ತಿರುವಿನಲ್ಲಿ ಕಾರ್ನರ್‌ಬ್ಯಾಕ್ ತನ್ನ ಸೊಂಟವನ್ನು ಒಂದೇ ಸಲಕ್ಕೆ ತಿರುಗಿಸಿ ಹೊರಟನೋ, ಅಥವಾ ನಡುವೆ ಒಂದು ಹೆಜ್ಜೆ ತಡಕಾಡಿದನೋ? ಆ ಒಂದು ಹೆಜ್ಜೆಯಲ್ಲೇ ರಿಸೀವರ್‌ಗೆ ಎರಡು ಯಾರ್ಡ್ ಬಿಡುವು ಸಿಕ್ಕಿರುತ್ತದೆ.

ಉದ್ದದ ಪಾಸ್ ಬಂದಾಗ ಕೈಗಳನ್ನು ಗಮನಿಸಿ. ಬೆನ್ನು ಹತ್ತಿ ಓಡುವ ಉತ್ತಮ ಆಟಗಾರ ರಿಸೀವರ್‌ನ ಕಣ್ಣು ಅರಳುವುದನ್ನು, ಕೈ ಮೇಲೇಳುವುದನ್ನು ಕಂಡು ಚೆಂಡು ಬಂತೆಂದು ಅರಿಯುತ್ತಾನೆ. ಗಾಬರಿಬಿದ್ದವನು ತೋಳು ಹಿಡಿದು ಎಳೆಯುತ್ತಾನೆ. ಅದರ ಬೆಲೆ ದೊಡ್ಡದು: ಅಮೆರಿಕದ ವೃತ್ತಿಪರ ಲೀಗ್ ಎನ್‌ಎಫ್‌ಎಲ್‌ನಲ್ಲಿ ಪಾಸ್ ಇಂಟರ್‌ಫಿಯರೆನ್ಸ್ (ಪಾಸ್ ಹಿಡಿಯದಂತೆ ನಿಯಮ ಮೀರಿ ಅಡ್ಡಿಪಡಿಸುವುದು) ಆದರೆ ತಪ್ಪು ನಡೆದ ಜಾಗಕ್ಕೇ ಚೆಂಡು ಹೋಗುತ್ತದೆ. 40 ಯಾರ್ಡ್ ಆಚೆ ಎಳೆದರೆ 40 ಯಾರ್ಡ್ ದಾನ ಮಾಡಿದಂತೆ. ಕಾಲೇಜು ಆಟದಲ್ಲಿ ಈ ಶಿಕ್ಷೆ 15 ಯಾರ್ಡ್ ಮೀರುವುದಿಲ್ಲ. ಎನ್‌ಎಫ್‌ಎಲ್‌ನಲ್ಲಿ ರಿಸೀವರ್‌ನನ್ನು ತಳ್ಳಿ ತಡೆಯುವುದಕ್ಕೆ ಮೊದಲ 5 ಯಾರ್ಡ್ ಮಾತ್ರ ಅವಕಾಶ. ಈ ಮಿತಿ ಬಂದದ್ದು 1978ರಲ್ಲಿ. ಪಿಟ್ಸ್‌ಬರ್ಗ್ ಸ್ಟೀಲರ್ಸ್‌ನ ಮೆಲ್ ಬ್ಲೌಂಟ್ ರಿಸೀವರ್‌ಗಳನ್ನು ಹಣ್ಣುಗಾಯಿ ಮಾಡುತ್ತಿದ್ದ ಕಾರಣ ಜನ ಇದನ್ನು ಅವರ ಹೆಸರಿನಿಂದಲೇ ಕರೆಯುತ್ತಾರೆ.

ಈಗ ಅಂಕಿಗಳಿಗೆ ಬನ್ನಿ

ಮೊದಲು ಟಾರ್ಗೆಟ್, ಅಂದರೆ ಆತನತ್ತ ಎಷ್ಟು ಪಾಸ್ ಎಸೆದರು ಎಂಬುದು. ಓಕ್‌ಲ್ಯಾಂಡ್ ರೈಡರ್ಸ್‌ನ ನಾಮ್ಡಿ ಅಸೊಮುವಾ 2006ರಲ್ಲಿ 8 ಇಂಟರ್‌ಸೆಪ್ಷನ್ ಮಾಡಿದರು, ಮರುವರ್ಷ ಒಂದೇ ಒಂದು. ಆಟ ಕೆಟ್ಟಿರಲಿಲ್ಲ, ಕ್ವಾರ್ಟರ್‌ಬ್ಯಾಕ್‌ಗಳು ಆ ಕಡೆ ಎಸೆಯುವುದನ್ನೇ ಬಿಟ್ಟಿದ್ದರು. ಬ್ಯಾಟರ್‌ಗಳು ರಿಸ್ಕ್ ತೆಗೆದುಕೊಳ್ಳದೆ ಆಡಿ ಮುಗಿಸಿದ ಬೌಲರ್‌ಗೆ ವಿಕೆಟ್ ಸಿಗದಿದ್ದರೆ ಆತ ಕೆಟ್ಟ ಬೌಲರ್ ಆಗುವನೇ?

ಆಮೇಲೆ ಆತನ ಮೇಲೆ ಎಸೆದಾಗ ಬಂದ ಪಾಸರ್ ರೇಟಿಂಗ್, ಅಂದರೆ ಕ್ವಾರ್ಟರ್‌ಬ್ಯಾಕ್‌ನ ಪಾಸ್‌ಗಳು ಎಷ್ಟು ಫಲಿಸಿದವು ಎಂಬ ಅಂಕ. ಕಾರ್ನರ್‌ಬ್ಯಾಕ್‌ಗೆ ಇದು ಕಡಿಮೆಯಿದ್ದಷ್ಟೂ ಒಳ್ಳೆಯದು. ಗರಿಷ್ಠ 158.3. ಎಸೆದ ಪಾಸೆಲ್ಲ ನೆಲಕ್ಕೆ ಬಿದ್ದರೆ 39.6 ಬರುತ್ತದೆ. ಆ 39.6ರ ಸುತ್ತಮುತ್ತ ಯಾರಾದರೂ ಕಂಡರೆ ಅದು ಅಸಾಮಾನ್ಯ. ಆದರೆ ಒಂದೆರಡು ಇಂಟರ್‌ಸೆಪ್ಷನ್ ಈ ಅಂಕಿಯನ್ನು ದಿಢೀರ್ ಕುಸಿಯುವಂತೆ ಮಾಡುತ್ತವೆ. ಹಾಗಾಗಿ ನಾನು ಹೆಚ್ಚು ನಂಬುವುದು ಇನ್ನೊಂದನ್ನು: ಬಿಟ್ಟುಕೊಟ್ಟ ಯಾರ್ಡ್‌ಗಳನ್ನು ಆತ ಕಾವಲಿಗೆ ನಿಂತ ಒಟ್ಟು ಸ್ನ್ಯಾಪ್‌ಗಳಿಂದ (ಪ್ರತಿ ಸಲ ಆಟ ಶುರುವಾಗುವುದು ಒಂದು ಸ್ನ್ಯಾಪ್) ಭಾಗಿಸಿ. 500 ಸ್ನ್ಯಾಪ್‌ನಲ್ಲಿ 400 ಯಾರ್ಡ್ ಆದರೆ 0.8. ಆತನತ್ತ ಎಸೆಯದೇ ಹೋದ ಸಂದರ್ಭಗಳಿಗೂ ಈ ಲೆಕ್ಕದಲ್ಲಿ ಬೆಲೆ ಇದೆ.

ಎದುರಿಗೆ ಯಾರಿದ್ದರು, ಜೊತೆಗೆ ಯಾರಿದ್ದರು

ಅಂಕಿ ಒಳ್ಳೆಯದಿದ್ದರೂ ಎದುರಾಳಿಯ ಮೂರನೇ ದರ್ಜೆಯ ರಿಸೀವರ್‌ನನ್ನು ಕಾದು ಗಳಿಸಿದ್ದಾದರೆ ತೂಕ ಕಡಿಮೆ. ರೆವಿಸ್ 2009ರಲ್ಲಿ ಆಂಡ್ರೆ ಜಾನ್ಸನ್, ರ್‍ಯಾಂಡಿ ಮಾಸ್ ಅವರಂಥವರ ಎದುರು ನಿಂತು ಹೆಸರು ಮಾಡಿದರು. ತಂಡದ ಮುಂದಿನ ಸಾಲು ಕ್ವಾರ್ಟರ್‌ಬ್ಯಾಕ್ ಮೇಲೆ ಎಷ್ಟು ಬೇಗ ಮುಗಿಬೀಳುತ್ತದೆ ಎಂಬುದನ್ನೂ ನೋಡಿ. ಎರಡೂವರೆ ಸೆಕೆಂಡು ಕಾಯುವುದಕ್ಕೂ ನಾಲ್ಕು ಸೆಕೆಂಡು ಕಾಯುವುದಕ್ಕೂ ಬಹಳ ಅಂತರವಿದೆ.

ಕೊನೆಯದು ಟ್ಯಾಕಲ್, ಅಂದರೆ ಚೆಂಡು ಹಿಡಿದವನನ್ನು ಕೆಡವುವುದು. ಇದನ್ನು ಕಡೆಗಣಿಸುವವರೇ ಜಾಸ್ತಿ. ಮೂರನೇ ಡೌನ್ (10 ಯಾರ್ಡ್ ಸಾಗಲು ಸಿಗುವ ನಾಲ್ಕು ಯತ್ನಗಳಲ್ಲಿ ಮೂರನೆಯದು), ಬೇಕಾದದ್ದು 8 ಯಾರ್ಡ್, ರಿಸೀವರ್ 5 ಯಾರ್ಡ್‌ನಲ್ಲಿ ಪಾಸ್ ಹಿಡಿದ. ಕಾರ್ನರ್‌ಬ್ಯಾಕ್ ಓಡಿಬಂದು ಅಲ್ಲೇ ಕಾಲಿಗೆ ತೋಳು ಸುತ್ತಿ ಕೆಡವಿದರೆ ಎದುರಾಳಿ ಸಾಮಾನ್ಯವಾಗಿ ಪಂಟ್ ಮಾಡಿ (ದೂರಕ್ಕೆ ಒದ್ದು) ಚೆಂಡು ಬಿಟ್ಟುಕೊಡಬೇಕಾಗುತ್ತದೆ. ಅಂಕಿಪಟ್ಟಿಯಲ್ಲಿ ಅದು ಆತ ಬಿಟ್ಟುಕೊಟ್ಟ ಒಂದು ಪಾಸ್ ಎಂದೇ ದಾಖಲಾಗಿರುತ್ತದೆ. ನಿಮ್ಮ ಟಿಪ್ಪಣಿಯಲ್ಲಿ ಮಾತ್ರ ಅದನ್ನು ಗೆಲುವಿನ ಪಟ್ಟಿಗೆ ಸೇರಿಸಿ.