ಮೆಳ್ಳೆಗಣ್ಣಿನ ಆಪರೇಷನ್ನಿಗೆ ಅಂಟು ಹಿಡಿದ ಕಥೆ

"ಎರಡು ಹೊಲಿಗೆ ಹಾಕೋಕೆ ಸೋಮಾರಿತನ. ಹಲಸಿನ ಮೇಣ ಹಚ್ಚಿದಷ್ಟು ಸುಲಭ ಅಂದ್ಕೊಂಡ್ಯಾ?" ಹೊಲಿಗೆ ಬದಲು ಗಾಯ ಮುಚ್ಚೋಕೆ ಫೈಬ್ರಿನ್ ಗ್ಲೂ (ರಕ್ತದ ಪ್ರೋಟೀನಿನಿಂದ ಮಾಡಿದ ಅಂಟು) ತರಿಸುತ್ತೇನೆ ಅಂದಾಗ ಶಿವಮೊಗ್ಗದ ನಮ್ಮ ಹಿರಿಯ ಸರ್ ಹೇಳಿದ ಮಾತಿದು.

ಕಣ್ಣು ತಿರುಗಿಸುವ ಸ್ನಾಯುವನ್ನು ನಾನು ಅಂಟಿಸುವುದಿಲ್ಲ. ಅದಕ್ಕೆ ಇವತ್ತಿಗೂ ತಾನೇ ಕರಗುವ ದಾರ, 6-0 ವಿಕ್ರಿಲ್ಲೇ. ಅಂಟು ಬರೀ ಕಂಜಂಕ್ಟೈವಾ (ಬಿಳಿಗುಡ್ಡೆಯ ಮೇಲಿನ ತೆಳು ಪೊರೆ) ಮುಚ್ಚಲಿಕ್ಕೆ, ಅದೂ ಲಿಂಬಸ್ ಹತ್ತಿರ, ಅಂದರೆ ಕರಿಗುಡ್ಡೆಯ ಅಂಚಲ್ಲಿ ಕೊಯ್ದಾಗ. ಫಾರ್ನಿಕ್ಸ್‌ನಲ್ಲಿ, ರೆಪ್ಪೆಯ ಒಳಮಡಿಕೆಯ ಹತ್ತಿರ, ಕೊಯ್ಯುವವರಿಗೆ ಎಷ್ಟೋ ಸಲ ಹೊಲಿಗೆಯೂ ಬೇಡ, ಅಂಟೂ ಬೇಡ.

ಮೊದಲ ಆರು ಕೇಸಲ್ಲಿ ಎರಡು ಬಿಟ್ಟುಕೊಂಡವು. ಒಂದರಲ್ಲಿ ತಪ್ಪು ನನ್ನದೇ: ಅಂಚುಗಳ ನಡುವೆ ಟೆನಾನ್ (ಕಂಜಂಕ್ಟೈವಾದ ಕೆಳಗಿನ ಪದರ) ಸಿಕ್ಕಿಕೊಂಡಿತ್ತು. ಮಕ್ಕಳಲ್ಲಿ ಅದು ದಪ್ಪ, ಗೊತ್ತಲ್ವಾ. ಇನ್ನೊಂದು ತೀರ್ಥಹಳ್ಳಿ ಕಡೆಯ ಹುಡುಗ. ಜಾಗ ಸರಿಯಾಗಿ ಒರೆಸಿರಲಿಲ್ಲ, ನೀರಿನ ಮೇಲೇ ಅಂಟು ಬಿಟ್ಟಿದ್ದೆ. ರಾತ್ರಿ ಅವನು ಕಣ್ಣು ಉಜ್ಜಿಕೊಂಡ, ಬೆಳಿಗ್ಗೆ ಗಾಯ ಬಾಯಿಬಿಟ್ಟಿತ್ತು. ಮತ್ತೆ ಮಲಗಿಸಿ ಇನ್ನೂ ಸಣ್ಣ 8-0 ದಾರದಲ್ಲಿ ಹೊಲಿಗೆ ಹಾಕಿದೆ. ಆ ಖರ್ಚು ನನ್ನ ಜೇಬಿಂದಲೇ ಹೋಯಿತು.

ಆಮೇಲೆ ಆಷಾಢದ ಮಳೆ. ಥಿಯೇಟರ್ ತಣ್ಣಗೆ ಕೊರೆಯುತ್ತಿತ್ತು, ಅಂಟಿನ ಎರಡು ಭಾಗಗಳಲ್ಲಿ ಒಂದಾದ ಫೈಬ್ರಿನೋಜೆನ್ ಪುಡಿ ಕರಗದೆ ಗಂಟುಗಂಟಾಯಿತು. ಒಂದು ಕಿಟ್ ಪೂರ್ತಿ ಹಾಳು. ಅರ್ಧ ಎಂಎಲ್ ಕಿಟ್‌ಗೆ ಆಗ ಆರೇಳು ಸಾವಿರ ಕೊಟ್ಟ ನೆನಪು. ಈಗ ಸಿಸ್ಟರ್ ಮೊದಲೇ 37 ಡಿಗ್ರಿಗೆ ಬೆಚ್ಚಗೆ ಮಾಡಿ ಇಟ್ಟಿರುತ್ತಾರೆ. ಎರಡೂ ಕಣ್ಣಿನ ಆಪರೇಷನ್ ಇರುವವರಿಗೆ ಮಾತ್ರ ಕಿಟ್ ಒಡೆಯುತ್ತೇನೆ. ಒಬ್ಬರ ಎರಡು ಕಣ್ಣಿಗೆ ಅಷ್ಟು ಧಾರಾಳವಾಗಿ ಸಾಕು. ಒಂದೇ ಕಣ್ಣಾದರೆ ದಾರವೇ ಅಗ್ಗ, ಸುಮ್ನೆ ಹೊಲಿದುಬಿಡಿ.

ನಡುವೆ ಒಂದು ಹುಚ್ಚು ಪ್ರಯೋಗವೂ ಆಯಿತು. ಮಟನ್ ಅಂಗಡಿಯಿಂದ ಕುರಿಕಣ್ಣು ತಂದು ಸ್ನಾಯುವನ್ನೇ ಸ್ಕ್ಲೀರಾಕ್ಕೆ (ಬಿಳಿಗುಡ್ಡೆಗೆ) ಅಂಟಿಸಿ ನೋಡಿದೆ. ಫೈಬ್ರಿನ್ ಅಂಟು ಫೋರ್ಸೆಪ್ಸಿನಲ್ಲಿ ಸ್ವಲ್ಪ ಎಳೆದರೆ ಕಿತ್ತು ಬಂತು. ಸೂಪರ್‌ಗ್ಲೂ ಜಾತಿಯ ಸಯನೋಅಕ್ರಿಲೇಟ್ ಗಟ್ಟಿ ಹಿಡಿಯಿತು, ಆದರೆ ಕಲ್ಲಿನ ಚೂರು ಕೂತ ಹಾಗೆ. ಅದನ್ನು ಮಗುವಿನ ಕಣ್ಣೊಳಗೆ ಬಿಡೋಕೆ ಧೈರ್ಯ ಬರಲಿಲ್ಲ. ಮನೆಯಲ್ಲಿ ಮಾತ್ರ ವಾರಗಟ್ಟಲೆ ಮಟನ್ ಸಾರು ಅಂದರೆ ಮುಖ ತಿರುಗಿಸುತ್ತಿದ್ದರು.

ಕೊನೆಗೆ ಕೈಗೆ ಹತ್ತಿದ್ದು ಥ್ರಾಂಬಿನ್ ವಿಷಯ, ಫೈಬ್ರಿನೋಜೆನ್ನನ್ನು ಹೆಪ್ಪುಗಟ್ಟಿಸುವ ಅಂಟಿನ ಇನ್ನೊಂದು ಭಾಗ. ಎಂಎಲ್‌ಗೆ 500 ಯೂನಿಟ್ಟಿನದು ಕೆಲವೇ ಸೆಕೆಂಡಲ್ಲಿ ಹೆಪ್ಪಾಗುತ್ತದೆ, ಅಂಚು ಸರಿಮಾಡೋಕೂ ಬಿಡುವುದಿಲ್ಲ. 4 ಯೂನಿಟ್‌ಗೆ ಇಳಿಸಿದರೆ ನಿಮಿಷದ ಹತ್ತಿರ ಸಿಗುತ್ತದೆ, ಆದರೆ ಅಷ್ಟರಲ್ಲಿ ರಕ್ತ ಜಿನುಗುತ್ತದೆ. ಎರಡರ ನಡುವೆ ಒಂದು ಹದ ಇದೆ. ಅದು ನನ್ನ ಹತ್ತಿರವೇ ಇರಲಿ. ಅಂಟು ಜಾಸ್ತಿ ಹಾಕಬೇಡಿ, ದಪ್ಪವಾದಷ್ಟೂ ಬೇಗ ಬಿಡುತ್ತದೆ. ಇಷ್ಟು ಹೇಳಬಲ್ಲೆ.

ಆಮೇಲಿನ ಮೂವತ್ತು ಚಿಲ್ಲರೆ ಕೇಸಲ್ಲಿ ಬಿಟ್ಟದ್ದು ಒಂದೇ. ಒಂದೊಂದು ಕಣ್ಣಿಗೆ ಏಳೆಂಟು ನಿಮಿಷ ಸಮಯ ಉಳಿತಾಯ. ದಾರದ ತುದಿ ಚುಚ್ಚುತ್ತದೆ ಅಂತ ಮಕ್ಕಳು ಅಳುವುದು ನಿಂತಿದೆ.

ಮೊನ್ನೆ ರಾತ್ರಿ ಸರ್ ಫೋನ್ ಮಾಡಿ, ಥ್ರಾಂಬಿನ್ ಎಷ್ಟಕ್ಕೆ ಇಳಿಸ್ತೀಯಾ ಅಂತ ಕೇಳಿದರು. ಬಂದು ನೋಡಿ ಸರ್, ಅಂದಿದ್ದೇನೆ.