ವಿಭಾಗದ ಸಂಶೋಧನೆಗೊಂದು ಲೆಕ್ಕದ ವಹಿ: ಪೇಪರ್, ಪೇಟೆಂಟ್, ಕೋಡ್ ಎಣಿಸುವುದು ಹೇಗೆ?

ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್ ಮಂಡಳಿಯ ತಂಡ ಬರುವ ದಿನ ಹತ್ತಿರವಾದಂತೆ ಬಳ್ಳಾರಿ, ರಾಯಚೂರು, ಕೊಪ್ಪಳ ಭಾಗದ ಎಂಜಿನಿಯರಿಂಗ್ ಕಾಲೇಜುಗಳ ಕಂಪ್ಯೂಟರ್ ಸೈನ್ಸ್ ವಿಭಾಗಗಳಲ್ಲಿ ಒಂದು ಪ್ರಶ್ನೆ ಏಳುತ್ತದೆ: ಐದು ವರ್ಷದಲ್ಲಿ ನಮ್ಮ ವಿಭಾಗದಿಂದ ಎಷ್ಟು ಪೇಪರ್ ಬಂದಿವೆ? ಅಧ್ಯಾಪಕರೆಲ್ಲ ತಮ್ಮ ತಮ್ಮ ಪಟ್ಟಿ ಕೊಡುತ್ತಾರೆ, ಯಾರೋ ಒಬ್ಬರು ರಾತ್ರಿ ಕೂತು ಕೂಡಿಸುತ್ತಾರೆ. ಬರುವ ಸಂಖ್ಯೆ ತಪ್ಪಿರುತ್ತದೆ. ಮೂವರು ಸೇರಿ ಬರೆದ ಒಂದು ಪೇಪರ್ ಮೂರು ಸಲ ಎಣಿಕೆಯಾಗಿರುತ್ತದೆ. ವಿದ್ಯಾರ್ಥಿಗಳು ಬರೆದ ಒಳ್ಳೆಯ ಕೋಡ್ ಲೆಕ್ಕಕ್ಕೇ ಬಂದಿರುವುದಿಲ್ಲ. ಒಂದು ಎಕ್ಸೆಲ್ ಕಡತ ಮತ್ತು ತಿಂಗಳಿಗೆ ಎರಡು ತಾಸು ಇದ್ದರೆ ಇದನ್ನು ಸರಿಪಡಿಸಬಹುದು.

ಮೊದಲು ಹೆಸರು ಮತ್ತು ವಿಳಾಸ

ಇಲ್ಲಿ ಎಡವಿದರೆ ಮುಂದಿನದೆಲ್ಲ ಎಡವುತ್ತದೆ, ಹಾಗಾಗಿ ಹೆಚ್ಚು ಸಮಯ ಇದಕ್ಕೇ ಕೊಡಿ. ನಮ್ಮಲ್ಲಿ ಅನೇಕರಿಗೆ ಅಡ್ಡಹೆಸರಿಲ್ಲ. ಊರಿನ ಅಥವಾ ತಂದೆಯ ಹೆಸರಿನ ಮೊದಲಕ್ಷರ ಮಾತ್ರ ಇರುತ್ತದೆ. ಒಂದು ಪೇಪರಿನಲ್ಲಿ ‘ಎಂ. ಬಸವರಾಜ’, ಇನ್ನೊಂದರಲ್ಲಿ ‘ಬಸವರಾಜ ಎಂ.’ ಎಂದು ಬರೆದರೆ, ಕೊನೆಯ ಪದವೇ ಅಡ್ಡಹೆಸರು ಎಂದು ನಂಬಿರುವ ಸ್ಕೋಪಸ್‌ನಂಥ, ಪೇಪರುಗಳ ವಿವರ ಕೂಡಿಡುವ ದತ್ತಸಂಚಯ ಒಬ್ಬರನ್ನೇ ಇಬ್ಬರನ್ನಾಗಿ ಮಾಡಬಹುದು. ಇದಕ್ಕೆ ಉಲ್ಟಾ ತೊಂದರೆ ಪಾಟೀಲ, ಕುಲಕರ್ಣಿ, ಹಿರೇಮಠ ಅವರದು. ಅದೇ ಹೆಸರಿನ ಬೇರೆಯವರ ಪೇಪರುಗಳು ಗೂಗಲ್ ಸ್ಕಾಲರ್ ಪ್ರೊಫೈಲಿಗೆ ತಾವಾಗಿಯೇ ಬಂದು ಕೂಡುತ್ತವೆ. ಪ್ರೊಫೈಲಿನಲ್ಲಿ ಪೇಪರ್ ತಾನಾಗಿ ಸೇರುವ ಆಯ್ಕೆ ತೆಗೆದು, ‘ಮೊದಲು ನನ್ನ ಒಪ್ಪಿಗೆ ಕೇಳು’ ಎಂಬ ಆಯ್ಕೆ ಇಡಿ.

ಎರಡಕ್ಕೂ ಮದ್ದು ಆರ್ಕಿಡ್ (ORCID), ಅಂದರೆ ಪ್ರತಿ ಸಂಶೋಧಕರಿಗೂ ಸಿಗುವ ಪ್ರತ್ಯೇಕ ಗುರುತಿನ ಸಂಖ್ಯೆ. 2012ರಿಂದ ಇರುವ, 16 ಅಂಕಿಯ ಈ ಸಂಖ್ಯೆ ಉಚಿತ. ನಾಲ್ಕು ನಾಲ್ಕರ ನಾಲ್ಕು ಗುಂಪಾಗಿ ಬರೆಯುತ್ತಾರೆ, ಕೊನೆಯ ಸ್ಥಾನದಲ್ಲಿ ಕೆಲವೊಮ್ಮೆ ‘ಎಕ್ಸ್’ ಅಕ್ಷರ ಇರುತ್ತದೆ. ಪೇಪರ್ ಕಳಿಸುವಾಗಲೇ ಇದನ್ನು ಕೊಡಬೇಕು. ಅಚ್ಚಾದ ಮೇಲೆ ಸೇರಿಸಲು ಹೊರಟರೆ ಪತ್ರವ್ಯವಹಾರವೇ ಒಂದು ಕೆಲಸವಾಗುತ್ತದೆ.

ಇನ್ನು ವಿಳಾಸ. 2014ರ ನವೆಂಬರ್ 1ರಿಂದ ಬಳ್ಳಾರಿ, ಹೊಸಪೇಟೆ, ಬೆಳಗಾವಿ, ಕಲಬುರಗಿ ಸೇರಿ 12 ನಗರಗಳ ಇಂಗ್ಲಿಷ್ ಸ್ಪೆಲ್ಲಿಂಗ್ ಬದಲಾಯಿತು. ಆದರೂ ಹಳೆಯ ಸ್ಪೆಲ್ಲಿಂಗ್ ಈಗಲೂ ಪೇಪರುಗಳಲ್ಲಿ ಬರುತ್ತಿದೆ. ಹುಡುಕುವಾಗ ಎರಡೂ ರೂಪ ಹಾಕಲೇಬೇಕು. ರಾಯಚೂರಿನ ಐಐಐಟಿ 2019ರಲ್ಲಿ ಆರಂಭವಾದಾಗ ಐಐಟಿ ಹೈದರಾಬಾದಿನ ಕ್ಯಾಂಪಸ್ಸಿನಲ್ಲಿ ನಡೆಯುತ್ತಿತ್ತು. ಇಂಥ ಕಡೆ ಊರಿನ ಹೆಸರನ್ನಷ್ಟೇ ನೆಚ್ಚಿ ಹುಡುಕಿದರೆ ಮೊದಲ ವರ್ಷಗಳ ಕೆಲಸ ಕೈಬಿಟ್ಟುಹೋಗಬಹುದು. ವಿಟಿಯು (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ) ವ್ಯಾಪ್ತಿಯ ಕಾಲೇಜುಗಳಲ್ಲಿ ಇನ್ನೊಂದು ತಪ್ಪು ಆಗುತ್ತದೆ: ಪಿಎಚ್.ಡಿ. ಮಾಡುತ್ತಿರುವವರು ಕಾಲೇಜಿನ ಹೆಸರು ಬಿಟ್ಟು ‘ವಿಟಿಯು, ಬೆಳಗಾವಿ’ ಎಂದಷ್ಟೇ ಬರೆಯುತ್ತಾರೆ. ಆಗ ಆ ಪೇಪರ್ ವಿಶ್ವವಿದ್ಯಾಲಯದ ಖಾತೆಗೆ ಹೋಗುತ್ತದೆಯೇ ಹೊರತು ಕಾಲೇಜಿಗಲ್ಲ. ಕೇಂದ್ರ ಸರ್ಕಾರದ ಎನ್‌ಐಆರ್‌ಎಫ್ ಶ್ರೇಯಾಂಕಕ್ಕೆ ಪೇಪರುಗಳ ಸಂಖ್ಯೆಯನ್ನು ಕಾಲೇಜನ್ನು ಕೇಳಿ ಪಡೆಯುವುದಿಲ್ಲ, ದತ್ತಸಂಚಯಗಳಿಂದಲೇ ತೆಗೆಯುತ್ತಾರೆ. ಎಂಜಿನಿಯರಿಂಗ್ ವಿಭಾಗದಲ್ಲಿ ಸಂಶೋಧನೆಯ ಮಾನದಂಡಕ್ಕೆ 100ಕ್ಕೆ 30ರ ತೂಕವಿದೆ. ವಿಳಾಸ ತಪ್ಪಿದರೆ ನಷ್ಟ ಎಷ್ಟೆಂದು ಇದರಿಂದ ತಿಳಿಯುತ್ತದೆ. ಕಾಲೇಜಿನ ಹೆಸರು, ವಿಭಾಗ, ಊರು, ಪಿನ್ ಕೋಡ್ ಇರುವ ಒಂದೇ ಸಾಲನ್ನು ತೀರ್ಮಾನಿಸಿ ಎಲ್ಲರಿಗೂ ಕೊಡಿ. ಅಲ್ಪವಿರಾಮ ಕೂಡ ಬದಲಿಸಬಾರದು.

ಹಾಳೆ ಹೀಗಿರಲಿ

ಒಂದು ಕೃತಿಗೆ ಒಂದೇ ಸಾಲು. ಒಬ್ಬ ಅಧ್ಯಾಪಕರಿಗೆ ಒಂದು ಸಾಲು ಎಂದು ಹಾಕಿದರೆ ಅಲ್ಲೇ ಲೆಕ್ಕ ಕೆಡುತ್ತದೆ. ಕಾಲಂಗಳು: ಶೀರ್ಷಿಕೆ, ಎಲ್ಲ ಲೇಖಕರು, ಅವರಲ್ಲಿ ನಮ್ಮ ವಿಭಾಗದವರು, ಬಗೆ (ಜರ್ನಲ್, ಕಾನ್ಫರೆನ್ಸ್, ಪುಸ್ತಕದ ಅಧ್ಯಾಯ, ಪೇಟೆಂಟ್, ಸಾಫ್ಟ್‌ವೇರ್, ದತ್ತಾಂಶ), ಪ್ರಕಟಣೆಯ ಹೆಸರು, ಐಎಸ್‌ಎಸ್‌ಎನ್ (ಜರ್ನಲ್ ಅಥವಾ ಸರಣಿಯ ಸಂಖ್ಯೆ) ಅಥವಾ ಐಎಸ್‌ಬಿಎನ್ (ಪುಸ್ತಕದ ಸಂಖ್ಯೆ), ಡಿಒಐ (ಆಯಾ ಕೃತಿಯ ಗುರುತಿನ ಸಂಖ್ಯೆ), ಮೂರು ದಿನಾಂಕ, ಪುರಾವೆಯ ಕೊಂಡಿ, ಪರಿಶೀಲಿಸಿದವರ ಸಹಿ ಅಕ್ಷರ.

ಮೂರು ದಿನಾಂಕ ಏಕೆಂದರೆ, ಡಿಸೆಂಬರಿನಲ್ಲಿ ಮಂಡಿಸಿದ ಕಾನ್ಫರೆನ್ಸ್ ಪೇಪರ್ ಐಇಇಇ ಸಂಸ್ಥೆಯ ಆನ್‌ಲೈನ್ ಭಂಡಾರ ಎಕ್ಸ್‌ಪ್ಲೋರ್‌ನಲ್ಲಿ ಮಾರ್ಚಿಗೆ ಬರಬಹುದು, ಸ್ಕೋಪಸ್ಸಿಗೆ ಇನ್ನೂ ತಡವಾಗಿ. ಮಂಡಿಸಿದ ದಿನ, ಪ್ರಕಟವಾದ ದಿನ, ದತ್ತಸಂಚಯದಲ್ಲಿ ಕಂಡ ದಿನ ಬೇರೆ ಬೇರೆ ಇಟ್ಟರೆ ಕ್ಯಾಲೆಂಡರ್ ವರ್ಷ ಕೇಳಿದವರಿಗೂ ಶೈಕ್ಷಣಿಕ ವರ್ಷ ಕೇಳಿದವರಿಗೂ ಅದೇ ಹಾಳೆಯಿಂದ ಉತ್ತರ ಸಿಗುತ್ತದೆ.

ಸಂಖ್ಯೆ ತುಂಬುವ ಮುನ್ನವೇ ಆ ಕಾಲಂಗಳನ್ನು ‘ಟೆಕ್ಸ್ಟ್’ ರೂಪಕ್ಕೆ ಬದಲಿಸಿ. ಇಲ್ಲದಿದ್ದರೆ 13 ಅಂಕಿಯ ಐಎಸ್‌ಬಿಎನ್ ಎಕ್ಸೆಲ್‌ನಲ್ಲಿ ‘9.78’ರ ಮುಂದೆ ಘಾತ ಹಚ್ಚಿಕೊಂಡು ಕೂರುತ್ತದೆ. ಅಡ್ಡಗೆರೆ ಇಲ್ಲದೆ ಬರೆದ ಐಎಸ್‌ಎಸ್‌ಎನ್‌ನ ಮೊದಲ ಸೊನ್ನೆ ಮಾಯವಾಗುತ್ತದೆ. 0302-9743 ಎಂಬುದು ಸ್ಪ್ರಿಂಗರ್‌ನ ಹೆಸರಾಂತ ಕಂಪ್ಯೂಟರ್ ಸೈನ್ಸ್ ಸರಣಿಯ ಸಂಖ್ಯೆ. ಸೊನ್ನೆ ಹೋದರೆ ಏಳೇ ಅಂಕಿ ಉಳಿಯುತ್ತದೆ, ಹುಡುಕಿದರೆ ಏನೂ ಸಿಗದು.

ಎರಡೆರಡು ಸಲ ಬಂದದ್ದನ್ನು ತೆಗೆಯುವುದು

ಡಿಒಐ ಎಂದರೆ 10 ಮತ್ತು ಚುಕ್ಕೆಯಿಂದ ಶುರುವಾಗುವ ಗುರುತಿನ ಸಂಖ್ಯೆ. ಅದರ ಹಿಂದಿರುವ ವೆಬ್ ವಿಳಾಸದ ಭಾಗ ಕತ್ತರಿಸಿ, ಇಂಗ್ಲಿಷ್ ಅಕ್ಷರಗಳನ್ನೆಲ್ಲ ಸಣ್ಣವಕ್ಕೆ ತಂದು, ಹಿಂದು ಮುಂದಿನ ಖಾಲಿ ಜಾಗ ತೆಗೆದು, ನಂತರ ಎಕ್ಸೆಲ್‌ನ ‘ಕೌಂಟ್‌ಇಫ್’ ಸೂತ್ರ ಹಾಕಿ. ಒಂದಕ್ಕಿಂತ ಹೆಚ್ಚು ಸಲ ಬಂದ ಸಾಲುಗಳು ತಾವಾಗಿಯೇ ಎದ್ದು ಕಾಣುತ್ತವೆ.

ಇಷ್ಟಕ್ಕೇ ನಿಲ್ಲಿಸಬೇಡಿ. ಆರ್ಕೈವ್ (arXiv) ಜಾಲತಾಣದಲ್ಲಿ ಹಾಕಿದ ಮುನ್ಪ್ರತಿಗೂ (ವಿಮರ್ಶೆಗೆ ಮುಂಚಿನ ಪ್ರತಿ, ಪ್ರಿಪ್ರಿಂಟ್) ಈಗ ಡಿಒಐ ಇದೆ, ಅದು 10.48550 ಎಂದು ಶುರುವಾಗುತ್ತದೆ. ಅದೇ ಪೇಪರ್ ಮುಂದೆ ಕಾನ್ಫರೆನ್ಸಿನಲ್ಲಿ ಬಂದರೆ ಇನ್ನೊಂದು ಡಿಒಐ. ಸೂತ್ರ ಇದನ್ನು ಹಿಡಿಯುವುದಿಲ್ಲ, ಶೀರ್ಷಿಕೆಗಳನ್ನು ಅಕಾರಾದಿಯಾಗಿ ಜೋಡಿಸಿ ಕಣ್ಣಿನಿಂದಲೇ ನೋಡಬೇಕು. ಮುನ್ಪ್ರತಿಯನ್ನು ಅಂತಿಮ ಪೇಪರಿನ ಸಾಲಿನಲ್ಲೇ ಟಿಪ್ಪಣಿಯಾಗಿಸಿ. ಆದರೆ ಕಾನ್ಫರೆನ್ಸ್ ಪೇಪರನ್ನು ಹೊಸ ಪ್ರಯೋಗಗಳೊಂದಿಗೆ ಬೆಳೆಸಿ ಜರ್ನಲ್‌ನಲ್ಲಿ ಹಾಕಿದ್ದರೆ ಅದು ಬೇರೆ ಕೃತಿ. ಎರಡಕ್ಕೂ ಸಾಲು ಕೊಟ್ಟು, ಒಂದರಲ್ಲಿ ಇನ್ನೊಂದರ ಕ್ರಮಸಂಖ್ಯೆ ನಮೂದಿಸಿ.

ನಿಜವೇ ಎಂದು ನೋಡುವುದು

ಡಿಒಐ ಇದ್ದ ಮಾತ್ರಕ್ಕೆ ಗುಣಮಟ್ಟ ಇದೆ ಎಂದಲ್ಲ. ಅದು ಬರೀ ವಿಳಾಸ. ಜರ್ನಲ್‌ನ ಹೆಸರನ್ನೇ ಕದ್ದು ನಡೆಸುವ ನಕಲಿ ಜಾಲತಾಣಗಳಿವೆ, ಹಾಗಾಗಿ ಹೆಸರಿನ ಬದಲು ಐಎಸ್‌ಎಸ್‌ಎನ್ ಹಾಕಿ ಸ್ಕೋಪಸ್‌ನ ಮೂಲಪಟ್ಟಿಯಲ್ಲಿ ಹುಡುಕಿ, ಅಲ್ಲಿರುವ ಪ್ರಕಾಶಕರ ಹೆಸರಿಗೆ ಹೋಲಿಸಿ. ಜರ್ನಲ್ ಪಟ್ಟಿಯಿಂದ ಹೊರಬಿದ್ದಿದ್ದರೆ, ಪೇಪರ್ ಬಂದ ವರ್ಷ ಒಳಗಿತ್ತೇ ಎಂಬುದು ಮುಖ್ಯ. ಯುಜಿಸಿ ತಾನು ಒಪ್ಪಿದ ಜರ್ನಲ್‌ಗಳ ಕೇರ್ ಪಟ್ಟಿಯನ್ನು 2025ರಲ್ಲಿ ಕೈಬಿಟ್ಟಿದೆ. ‘ಕೇರ್ ಪಟ್ಟಿಯಲ್ಲಿದೆ’ ಎಂದು ಈಗ ಯಾರಾದರೂ ಜಾಹೀರಾತು ಕೊಟ್ಟರೆ ಅದನ್ನು ನೆಚ್ಚಬೇಡಿ.

ಹಿಂಪಡೆದ ಪೇಪರುಗಳನ್ನೂ ನೋಡಿ. ಅವುಗಳನ್ನು ಪಟ್ಟಿ ಮಾಡುವ ರಿಟ್ರಾಕ್ಷನ್ ವಾಚ್ ದತ್ತಾಂಶವನ್ನು 2023ರಲ್ಲಿ ಡಿಒಐ ನೋಂದಾಯಿಸುವ ಸಂಸ್ಥೆ ಕ್ರಾಸ್‌ರೆಫ್ ಪಡೆದು ಎಲ್ಲರಿಗೂ ಮುಕ್ತವಾಗಿಸಿದೆ. ವರ್ಷಕ್ಕೆರಡು ಸಲ ನಿಮ್ಮ ಡಿಒಐಗಳನ್ನು ಅದರೊಂದಿಗೆ ತಾಳೆ ನೋಡಿದರೆ ಸಾಕು.

ಕಾನ್ಫರೆನ್ಸ್ ಪೇಪರ್ ಎಂದರೆ ಎರಡನೇ ದರ್ಜೆ ಎಂದು ಬೇರೆ ವಿಭಾಗದವರು ಹೇಳುವುದುಂಟು. ಕಂಪ್ಯೂಟರ್ ಸೈನ್ಸಿಗೆ ಆ ಮಾತು ಒಪ್ಪುವುದಿಲ್ಲ: ಈ ಶಾಸ್ತ್ರದ ಅನೇಕ ದೊಡ್ಡ ಫಲಿತಾಂಶಗಳು ಕಟ್ಟುನಿಟ್ಟಾದ ವಿಮರ್ಶೆಯ ಕಾನ್ಫರೆನ್ಸುಗಳಲ್ಲೇ ಮೊದಲು ಬರುತ್ತವೆ. 1993ರಿಂದ ನಡೆದಿರುವ ಡಿಬಿಎಲ್‌ಪಿ ಎಂಬ ಉಚಿತ ಸೂಚಿಯಲ್ಲಿ ಆ ಕಾನ್ಫರೆನ್ಸಿನ ಹಿಂದಿನ ವರ್ಷಗಳ ಪೇಪರುಗಳನ್ನು ತೆರೆದು ನೋಡಿದರೆ ಅದರ ಮಟ್ಟ ತಕ್ಕಮಟ್ಟಿಗೆ ತಿಳಿಯುತ್ತದೆ.

ಪೇಟೆಂಟ್: ಮೂರು ಮೆಟ್ಟಿಲು

ಅತಿ ಹೆಚ್ಚು ಗೊಂದಲ ಇಲ್ಲಿಯೇ. ಸಲ್ಲಿಕೆ, ಪ್ರಕಟಣೆ, ಮಂಜೂರಾತಿ ಬೇರೆ ಬೇರೆ. ಸಾಮಾನ್ಯವಾಗಿ 18 ತಿಂಗಳಿಗೆ ಅರ್ಜಿ ಪೇಟೆಂಟ್ ಪತ್ರಿಕೆಯಲ್ಲಿ ಪ್ರಕಟವಾಗುತ್ತದೆ; ಫಾರ್ಮ್ 9 ಹಾಕಿ ಶುಲ್ಕ ಕಟ್ಟಿದರೆ ಬೇಗ ಬರುತ್ತದೆ. ಪ್ರಕಟವಾಯಿತೆಂದರೆ ಯಾರೂ ಪರೀಕ್ಷಿಸಿ ಒಪ್ಪಿದರೆಂದಲ್ಲ. ಕರ್ನಾಟಕದ ಅರ್ಜಿಗಳು ಚೆನ್ನೈ ಕಚೇರಿಗೆ ಹೋಗುತ್ತವೆ, ಆದ್ದರಿಂದ ಅರ್ಜಿ ಸಂಖ್ಯೆಯಲ್ಲಿ ವರ್ಷದ ನಾಲ್ಕು ಅಂಕಿಯ ನಂತರ 4 ಇರುತ್ತದೆ. ಈಗಿನ ಸ್ಥಿತಿಯನ್ನು ಪೇಟೆಂಟ್ ಕಚೇರಿಯ ಜಾಲತಾಣದಲ್ಲಿ ನೋಡಿ, ದಿನಾಂಕ ಸಮೇತ ಬರೆದುಕೊಳ್ಳಿ. ವಿನ್ಯಾಸ ನೋಂದಣಿ ವಸ್ತುವಿನ ಹೊರರೂಪಕ್ಕೆ ಮಾತ್ರ. ಅದನ್ನು ಪೇಟೆಂಟ್ ಸಾಲಿನಲ್ಲಿ ಹಾಕುವುದು ತಪ್ಪು. ಪೇಟೆಂಟ್ ಕಾಯ್ದೆಯ ಕಲಂ 3(ಕೆ) ಪ್ರಕಾರ ಬರೀ ಕಂಪ್ಯೂಟರ್ ಪ್ರೋಗ್ರಾಂಗೆ ಪೇಟೆಂಟ್ ಇಲ್ಲ, ಕೃತಿಸ್ವಾಮ್ಯ ಉಂಟು. ಪೇಪರ್ ಮೊದಲು ಅಚ್ಚಾದರೆ ಹೊಸತನ ಹೋಯಿತೆಂದು ಅರ್ಜಿ ಬೀಳಬಹುದು, ಹಾಗಾಗಿ ಪೇಟೆಂಟ್ ಅರ್ಜಿ ಮುಂದೆ, ಪೇಪರ್ ಹಿಂದೆ.

ಕೋಡ್ ಮತ್ತು ದತ್ತಾಂಶ

ಮೆಣಸಿನಕಾಯಿ ಎಲೆರೋಗದ ಚಿತ್ರಗಳಾಗಲಿ, ಕನ್ನಡ ಕೈಬರಹದ ಹಾಳೆಗಳಾಗಲಿ, ಅಂತಿಮ ವರ್ಷದವರು ಕೂಡಿಸಿದ ದತ್ತಾಂಶ ಪೆನ್‌ಡ್ರೈವ್‌ನಲ್ಲೇ ಉಳಿದು ಅಳಿದುಹೋಗುತ್ತದೆ. ನನ್ನ ಮಟ್ಟಿಗೆ ಇದು ವಿಭಾಗದ ಅತಿ ದೊಡ್ಡ ಸೋರಿಕೆ. ಕೋಡ್ ಇಡುವ ಗಿಟ್‌ಹಬ್ ತಾಣದ ಖಾತೆಯನ್ನು ಸಂಶೋಧನಾ ಕಡತಗಳ ಉಚಿತ ಭಂಡಾರ ಜೆನೋಡೊಗೆ ಜೋಡಿಸಿ ‘ರಿಲೀಸ್’ (ಆವೃತ್ತಿಯ ಬಿಡುಗಡೆ) ಒತ್ತಿದರೆ ಆ ಆವೃತ್ತಿಗೆ ಉಚಿತವಾಗಿ ಡಿಒಐ ಸಿಗುತ್ತದೆ; ಒಂದು ದಾಖಲೆಗೆ 50 ಜಿಬಿವರೆಗೆ ಜಾಗವಿದೆ. ಮೊದಲು ಜೋಡಿಸಿ, ನಂತರ ರಿಲೀಸ್ ಮಾಡಿ. ಜೋಡಿಸುವ ಮುಂಚಿನ ರಿಲೀಸುಗಳಿಗೆ ತಾನಾಗಿ ಡಿಒಐ ಬರುವುದಿಲ್ಲ. ಪರವಾನಗಿ ಕಡತ ಮತ್ತು ವಿದ್ಯಾರ್ಥಿಗಳ ಹೆಸರುಗಳು ಒಳಗಿರಲಿ. ರೋಗಿಗಳ ಅಥವಾ ಮಕ್ಕಳ ಗುರುತು ಸಿಗುವ ಚಿತ್ರಗಳನ್ನು ಹಾಕಬೇಡಿ, ಏಕೆಂದರೆ ಡಿಒಐ ಸಿಕ್ಕ ದಾಖಲೆಯನ್ನು ನಾವೇ ಅಳಿಸಿಹಾಕುವುದು ಸುಲಭವಲ್ಲ.

ಪ್ರತಿ ತಿಂಗಳ ಮೊದಲ ಶನಿವಾರ ಇಬ್ಬರು ಕೂತು ಹೊಸ ಸಾಲುಗಳನ್ನು ತುಂಬಲಿ: ಒಬ್ಬರು ಬರೆಯುವವರು, ಇನ್ನೊಬ್ಬರು ಕೊಂಡಿ ತೆರೆದು ನೋಡಿ ಸಹಿ ಅಕ್ಷರ ಹಾಕುವವರು. ಕೊಂಡಿ ತೆರೆಯದ ಸಾಲಿಗೆ ಹಳದಿ ಬಣ್ಣ ಹಚ್ಚಿ, ಮೊತ್ತಕ್ಕೆ ಸೇರಿಸದೆ ಬಿಡಿ.