ಬೆಳಕಿನ ಚಿಕಿತ್ಸೆ: ಚುಚ್ಚುಮದ್ದಿಗೂ ಮೊದಲು ಪರದೆ ಕಟ್ಟಿ

ಕ್ಯಾನ್ಸರ್‌ಗೆ ಬೆಳಕಿನ ಚಿಕಿತ್ಸೆ ಎಂದೊಡನೆ ಅನೇಕರು ರೇಡಿಯೇಷನ್ ಎಂದುಕೊಳ್ಳುತ್ತಾರೆ. ಇದು ಅದಲ್ಲ. ಫೋಟೋಡೈನಮಿಕ್ ಥೆರಪಿ ಎಂಬ ಈ ಚಿಕಿತ್ಸೆಯಲ್ಲಿ ಸಾಮಾನ್ಯವಾಗಿ ಬಳಸುವುದು ಕಣ್ಣಿಗೆ ಕಾಣುವ ಕೆಂಪು ಬೆಳಕು. ಆ ಬೆಳಕೊಂದೇ ಗಡ್ಡೆಯನ್ನು ಏನೂ ಮಾಡದು. ಮೊದಲೇ ದೇಹ ಸೇರಿದ ಔಷಧಿ ಬೆಳಕನ್ನು ಹೀರಿಕೊಂಡು ಅಲ್ಲಿನ ಆಮ್ಲಜನಕವನ್ನು ಉಗ್ರ ರೂಪಕ್ಕೆ ತಿರುಗಿಸುತ್ತದೆ. ಕ್ಯಾನ್ಸರ್ ಕೋಶ ಸಾಯುವುದು ಅದರಿಂದ. ಹಾಗಾಗಿ ಆನ್‌ಲೈನ್‌ನಲ್ಲಿ ಮಾರುವ ಕೆಂಪು ದೀಪವನ್ನು ತರಿಸಿ ಎದೆಗೆ ಹಿಡಿದರೆ ಕರೆಂಟ್ ಬಿಲ್ ಏರುತ್ತದೆ, ಅಷ್ಟೇ.

ಅಮೆರಿಕದಲ್ಲಿ 1995ರಲ್ಲಿ ಅನ್ನನಾಳದ ಕ್ಯಾನ್ಸರ್‌ಗೆ ಅನುಮತಿ ಪಡೆದ ಪೋರ್ಫಿಮರ್ ಸೋಡಿಯಂ ಎಂಬ ಔಷಧಿಯನ್ನೇ ಉದಾಹರಣೆಯಾಗಿಟ್ಟುಕೊಂಡು ಹಂತಗಳನ್ನು ನೋಡೋಣ.

ಒಂದು: ನಿಮಗೆ ಹೊಂದುತ್ತದೆಯೇ?
ಬೆಳಕು ಅಂಗಾಂಶದೊಳಗೆ ಹೆಚ್ಚೆಂದರೆ ಒಂದು ಸೆಂಟಿಮೀಟರಿನಷ್ಟು ಇಳಿಯುತ್ತದೆ. ದೇಹದ ತುಂಬ ಹರಡಿದ ಕ್ಯಾನ್ಸರ್‌ಗೆ ಇದು ಮದ್ದಲ್ಲ. ಗಡ್ಡೆ ಅನ್ನನಾಳವನ್ನು ಮುಚ್ಚಿ ಊಟ ಇಳಿಯದಂತಾದಾಗ ದಾರಿ ಬಿಡಿಸುವುದೇ ಇಲ್ಲಿ ಮುಖ್ಯ ಉದ್ದೇಶ. ಪೋರ್ಫೈರಿಯಾ (ಪೋರ್ಫಿರಿನ್ ಎಂಬ ವಸ್ತುಗಳು ದೇಹದಲ್ಲಿ ಅತಿಯಾಗಿ ಸೇರುವ) ಕಾಯಿಲೆ ಇರುವವರಿಗೆ ಈ ಔಷಧಿ ಕೊಡುವುದಿಲ್ಲ.

ಎರಡು: ಮನೆ ಸಿದ್ಧ ಮಾಡಿ
ಹೆಚ್ಚಿನವರು ಎಡವುವುದು ಇಲ್ಲಿಯೇ. ಚುಚ್ಚುಮದ್ದು ಮೈಸೇರಿದ ಕ್ಷಣದಿಂದ ಕನಿಷ್ಠ 30 ದಿನ ಚರ್ಮ ಮತ್ತು ಕಣ್ಣು ಬಿಸಿಲನ್ನು ತಾಳಲಾರವು. 1912ರಲ್ಲಿ ಜರ್ಮನಿಯ ವೈದ್ಯ ಫ್ರೀಡ್ರಿಕ್ ಮೇಯರ್-ಬೆಟ್ಜ್ ಇದೇ ಜಾತಿಯ ಹೆಮಟೋಪೋರ್ಫಿರಿನ್ ಎಂಬ ವಸ್ತುವನ್ನು 200 ಮಿಲಿಗ್ರಾಂನಷ್ಟು ತನಗೇ ಚುಚ್ಚಿಕೊಂಡು ಬಿಸಿಲಿಗೆ ಹೋದಾಗ, ಗುರುತು ಸಿಗದಷ್ಟು ಮುಖ ಊದಿಕೊಂಡಿತ್ತು.

ಆಸ್ಪತ್ರೆಗೆ ಹೊರಡುವ ಮೊದಲೇ ಕಿಟಕಿಗಳಿಗೆ ದಪ್ಪ ಪರದೆ ಕಟ್ಟಿ. ಮರಳಿ ಬರುವ ದಾರಿಗೆ ತುಂಬುತೋಳಿನ ದಟ್ಟ ನೇಯ್ಗೆಯ ಬಟ್ಟೆ, ಅಗಲ ಅಂಚಿನ ಟೋಪಿ, ಕೈಗವಸು, ಕಾಲುಚೀಲ, ಕಪ್ಪು ಕನ್ನಡಕ ಚೀಲದಲ್ಲಿರಲಿ. ಸನ್‌ಸ್ಕ್ರೀನ್ ನಂಬಬೇಡಿ: ಅದು ತಡೆಯುವುದು ನೇರಳಾತೀತ ಕಿರಣವನ್ನು, ಔಷಧಿ ಕೆರಳುವುದು ಕಾಣುವ ಬೆಳಕಿಗೆ. ಹಲ್ಲಿನ ವೈದ್ಯರ ಪ್ರಖರ ದೀಪವೂ ಸುಡಬಲ್ಲದು. ತುರ್ತಿಲ್ಲದಿದ್ದರೆ ಆ ಭೇಟಿಯನ್ನು ಮುಂದೂಡಿ.

ಹಾಗೆಂದು ರೋಗಿಯನ್ನು ಕತ್ತಲ ಕೋಣೆಗೆ ತಳ್ಳಬೇಡಿ. ಬಾಣಂತಿ ಕೋಣೆಯಂತೆ ಎಲ್ಲವನ್ನೂ ಮುಚ್ಚಿಬಿಡುವ ಹಿರಿಯರ ಕಾಳಜಿ ಇಲ್ಲಿ ತಿರುಗುಬಾಣ. ಮನೆಯೊಳಗಿನ ಮಂದ ಬೆಳಕು ಚರ್ಮದಲ್ಲಿ ಉಳಿದ ಔಷಧಿಯನ್ನು ನಿಧಾನವಾಗಿ ನಿಷ್ಕ್ರಿಯಗೊಳಿಸುತ್ತದೆ, ಅದು ಬೇಕು.

ಮೂರು: ಚುಚ್ಚುಮದ್ದು, ಕಾಯುವಿಕೆ
ದೇಹತೂಕದ ಪ್ರತಿ ಕಿಲೋಗೆ 2 ಮಿಲಿಗ್ರಾಂ ಲೆಕ್ಕದಲ್ಲಿ, ಮೂರರಿಂದ ಐದು ನಿಮಿಷದಲ್ಲಿ ರಕ್ತನಾಳಕ್ಕೆ ಕೊಡುತ್ತಾರೆ. ಬಳಿಕ 40ರಿಂದ 50 ಗಂಟೆ ಬಿಡುವು. ಆರೋಗ್ಯವಂತ ಅಂಗಾಂಶಗಳಲ್ಲಿ ಹೆಚ್ಚಿನವು ಔಷಧಿಯನ್ನು ಹೊರಹಾಕುತ್ತವೆ; ಗಡ್ಡೆಯಲ್ಲಿ ಅದು ಉಳಿಯುತ್ತದೆ. ಚರ್ಮದಲ್ಲೂ ಉಳಿಯುವುದರಿಂದಲೇ ಮೇಲಿನ ಪರದೆ ಪುರಾಣ.

ನಾಲ್ಕು: ಬೆಳಕು
ಎಂಡೋಸ್ಕೋಪ್ (ಬಾಯಿಯಿಂದ ಇಳಿಸುವ ಕ್ಯಾಮೆರಾ ಕೊಳವೆ) ಮೂಲಕ ಸಪೂರ ಆಪ್ಟಿಕಲ್ ಫೈಬರ್ ಇಳಿಸಿ 630 ನ್ಯಾನೋಮೀಟರ್ ಲೇಸರ್ ಬೆಳಕು ಹಾಯಿಸುತ್ತಾರೆ. ಅನ್ನನಾಳಕ್ಕೆ ಹನ್ನೆರಡೂವರೆ ನಿಮಿಷ ಸಾಕು. ಎರಡು ದಿನದ ನಂತರ ಮತ್ತೆ ಎಂಡೋಸ್ಕೋಪಿ ಮಾಡಿ ಸತ್ತ ಅಂಗಾಂಶ ತೆಗೆಯುತ್ತಾರೆ. ಅಗತ್ಯವಿದ್ದರೆ ಇನ್ನೊಮ್ಮೆ ಬೆಳಕು. ಊತದಿಂದಾಗಿ ಮೊದಲ ಕೆಲವು ದಿನ ನುಂಗುವುದು ಇನ್ನೂ ಕಷ್ಟವಾಗಬಹುದು, ಎದೆ ನೋಯಬಹುದು, ಜ್ವರ ಬರಬಹುದು. ಇದನ್ನು ಮೊದಲೇ ಹೇಳದಿದ್ದರೆ ಮನೆಯವರು ಚಿಕಿತ್ಸೆ ಕೈಕೊಟ್ಟಿತು ಎಂದು ಕಂಗಾಲಾಗುತ್ತಾರೆ. ಆದರೆ ಉಸಿರಾಟ ಕಷ್ಟವಾದರೆ ಕಾಯದೆ ಆಸ್ಪತ್ರೆಗೆ ಓಡಿ.

ಐದು: ಬಿಸಿಲಿನ ಪರೀಕ್ಷೆ
30 ದಿನ ಕಳೆದ ಬಳಿಕ ಕಾಗದದ ಚೀಲವೊಂದರಲ್ಲಿ ಎರಡಿಂಚು ಅಗಲದ ತೂತು ಮಾಡಿ. ಕೈಯನ್ನು ಒಳಗಿಟ್ಟು, ಮುಂಗೈಯ ಅಷ್ಟೇ ಭಾಗಕ್ಕೆ ಹತ್ತು ನಿಮಿಷ ಬಿಸಿಲು ತಾಗಿಸಿ. ಮುಖದ ಮೇಲೆ ಈ ಪರೀಕ್ಷೆ ಬೇಡವೇ ಬೇಡ. 24 ಗಂಟೆಯೊಳಗೆ ಕೆಂಪು, ಊತ, ಗುಳ್ಳೆ ಕಂಡರೆ ಇನ್ನೂ ಎರಡು ವಾರ ಪರದೆಯ ಹಿಂದೆಯೇ ಇದ್ದು ಮತ್ತೆ ಪರೀಕ್ಷಿಸಿ. ಏನೂ ಆಗದಿದ್ದರೆ ಸ್ವಲ್ಪಸ್ವಲ್ಪವಾಗಿ ಹೊರಗೆ ಬನ್ನಿ. ನಡುಮಧ್ಯಾಹ್ನ ಸದ್ಯಕ್ಕೆ ಬೇಡ. ಮಡಿಕೇರಿಯಲ್ಲಿ ಪಾಸಾದ ಕೈ ಕಲಬುರಗಿಯ ಬಿಸಿಲಿಗೆ ಪಾಸಾಗುತ್ತದೆ ಎಂದೇನಿಲ್ಲ. ಬಿಸಿಲು ಹೆಚ್ಚಿರುವ ಊರಿಗೆ ಹೋದರೆ ಅಲ್ಲಿ ಮತ್ತೊಮ್ಮೆ ಚೀಲದೊಳಗೆ ಕೈ ಹಾಕಿ ನೋಡಿ.